ಲಿಂಕನ್ನನ ಯುದ್ಧ, ಕುಮಟೆಯ ದಾರಿ

1870ರ ಜುಲೈ 13ರಂದು ಎಮ್ಸ್ ಎಂಬ ಊರಿನಿಂದ ಬರ್ಲಿನ್ನಿಗೆ ಒಂದು ತಂತಿ ಹೋಯಿತು. ಬಿಸ್ಮಾರ್ಕ್ ಅದನ್ನು ಕತ್ತರಿಸಿ, ಖಾರ ಬೆರೆಸಿ ಪತ್ರಿಕೆಗಳಿಗೆ ಕೊಟ್ಟ. ಫ್ರಾನ್ಸ್ ಸಿಟ್ಟಿಗೆದ್ದು ಯುದ್ಧ ಸಾರಿತು. 1979ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ.ಗೆ ಸೇರಿದ ನಮ್ಮ ತಂಡದಲ್ಲಿ ಯಾರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ವಿಯೆನ್ನಾ ಸಮ್ಮೇಳನ 1815, ಕ್ರಾಂತಿಗಳ ವರ್ಷ 1848, ಸರಾಯೆವೊದಲ್ಲಿ ಗುಂಡು ಹಾರಿದ್ದು 1914ರ ಜೂನ್ 28. ಗದಗ, ರೋಣ, ಅಂಕೋಲಾ, ಸಿಂದಗಿಯಿಂದ ಬಂದ ಹುಡುಗರು ಹಾಸ್ಟೆಲಿನ ಜಗಲಿಯ ಮೇಲೆ ಅಡ್ಡಾಡುತ್ತ ಮೆಟರ್ನಿಕ್‌ನ ನೀತಿಯನ್ನು ಬಾಯಿಪಾಠ ಮಾಡುತ್ತಿದ್ದೆವು. ಅಡಿಗೆಯವನಿಗೂ ಮೆಟರ್ನಿಕ್ ಎಂಬುವವನು ಯಾರೋ ನಮಗೆ ಬಾಕಿ ಕೊಡಬೇಕಾದ ಸಾಹುಕಾರ ಎಂಬ ಅನುಮಾನ ಬಂದಿತ್ತು.

ನಾವು ಓದುತ್ತಿದ್ದ ಆ ಪರೀಕ್ಷಾ ಪತ್ರಿಕೆಯ ಹೆಸರಿನಲ್ಲಿ ಜಗತ್ತು ಇತ್ತು. ಒಳಗೆ ಮುಕ್ಕಾಲುಪಾಲು ಯುರೋಪು. ಉಳಿದುದರಲ್ಲಿ ಅಮೆರಿಕ, ಆಮೇಲೆ ರಷ್ಯದ ಕ್ರಾಂತಿ. ಚೀನಾ, ಜಪಾನುಗಳು ವರ್ಷದ ಕೊನೆಗೆ ಅವಸರದಲ್ಲಿ ಬಂದು ಹೋಗುತ್ತಿದ್ದವು. ಆಫ್ರಿಕವೆಂದರೆ 1884–85ರ ಬರ್ಲಿನ್ ಸಮ್ಮೇಳನ, ಅದೂ ಹಂಚಿಕೊಂಡವರ ಮೇಜಿನ ಕಡೆಯಿಂದ. ಇದು ಒಂದು ಊರಿನ, ಒಂದು ವಿಭಾಗದ ಕಥೆಯಲ್ಲ. ಆಗ ದೇಶದಲ್ಲಿ ಎಲ್ಲಿ ಓದಿದರೂ ಹೆಚ್ಚುಕಡಿಮೆ ಇದೇ ಪಾಠ, ಇವೇ ಪುಸ್ತಕ: ಕೆಟಲ್ಬಿ, ಹೇಜನ್, ಫಿಶರ್, ಸ್ವಲ್ಪ ಧೈರ್ಯ ಇದ್ದವರಿಗೆ ಡೇವಿಡ್ ಥಾಮ್ಸನ್. ಅವು ಸಿಗದವರಿಗೆ ಹಿಂದಿನ ತಂಡದವರ ನೋಟ್ಸು. ನನಗೆ ಸಿಕ್ಕ ನೋಟ್ಸು ನಾಲ್ಕೈದು ಕೈ ದಾಟಿ ಬಂದದ್ದು. ನೆಪೋಲಿಯನ್ನನ ಪತನಕ್ಕೆ ಕಾರಣಗಳು ಪ್ರತಿ ಕೈಯಲ್ಲೂ ಒಂದೊಂದು ಹೆಚ್ಚಾಗಿ ನನ್ನ ಹತ್ತಿರ ಬರುವಷ್ಟರಲ್ಲಿ ಹದಿನಾಲ್ಕು ಆಗಿದ್ದವು.

ಆದರೂ ಆ ಓದನ್ನು ಈಗ ಹಳಿಯುವ ಮನಸ್ಸಿಲ್ಲ. ಊರಿನಲ್ಲಿ ತಾಲ್ಲೂಕು ಗ್ರಂಥಾಲಯದಿಂದ ತಂದು ನೆಹರೂ ಅವರ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ಯನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದವನು ನಾನು. ಜೈಲಿನಲ್ಲಿ ಕುಳಿತು ಮಗಳಿಗೆ ಬರೆದ 196 ಪತ್ರಗಳು. ಅದರಲ್ಲಿ ಚೀನಾ, ಇರಾನ್, ಅರಬರು, ಜಾವಾ, ಎಲ್ಲರಿಗೂ ಸಾಲಿನಲ್ಲಿ ಜಾಗ ಇತ್ತು. ಅದನ್ನೇ ನಂಬಿ ಧಾರವಾಡಕ್ಕೆ ಬಂದವನಿಗೆ ಇಲ್ಲಿ ಸಾಲೇ ಬೇರೆ ಎಂದು ತಿಳಿಯಲು ತಿಂಗಳು ಬೇಕಾಗಲಿಲ್ಲ. ಆದರೆ ನೆಹರೂ ಕೊಡದ ಒಂದನ್ನು ಧಾರವಾಡ ಕೊಟ್ಟಿತು. ಅದು ಜಗಳ. ಎ.ಜೆ.ಪಿ. ಟೇಲರ್ ಎಂಬಾತ ಎರಡನೆಯ ಮಹಾಯುದ್ಧ ಹಿಟ್ಲರ್ ಮೊದಲೇ ಹಾಕಿಟ್ಟ ಯೋಜನೆಯಲ್ಲ ಎಂದು 1961ರಲ್ಲಿ ಬರೆದನೆಂದೂ, ಅದಕ್ಕೆ ಇಂಗ್ಲೆಂಡಿನ ಇತಿಹಾಸಕಾರರೆಲ್ಲ ಅವನ ಮೇಲೆ ಮುಗಿಬಿದ್ದರೆಂದೂ ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಅಚ್ಚಾದ ಪುಸ್ತಕದ ಜೊತೆ ಜಗಳ ಆಡಬಹುದು ಎಂಬುದು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಆಧುನಿಕ ಜಗತ್ತು ಹೇಳುತ್ತಿದ್ದ ಸರ್ ಎತ್ತರದ ಆಳು, ಮಾತು ಕಡಿಮೆ. ನೋಟ್ಸು ಬರೆಸುತ್ತಿರಲಿಲ್ಲ. ಇದು ಆಗ ದೊಡ್ಡ ಅಪರಾಧ. ಅವರ ತಾಸು ಮುಗಿದ ಮೇಲೆ ನಮ್ಮ ವಹಿಯಲ್ಲಿ ಅರ್ಧ ಪುಟವೂ ಇರುತ್ತಿರಲಿಲ್ಲ. ಸೆಮಿನಾರಿಗೆ ವಿಷಯ ಹಂಚುವಾಗ ನನ್ನ ಪಾಲಿಗೆ ಅಮೆರಿಕದ ಅಂತರ್ಯುದ್ಧದ ಪರಿಣಾಮಗಳು ಬಂದವು. ಮೂರು ಪರಿಣಾಮ ನನಗೆ ಮೊದಲೇ ಗೊತ್ತಿದ್ದವು: ಗುಲಾಮಗಿರಿ ಹೋಯಿತು, ಒಕ್ಕೂಟ ಉಳಿಯಿತು, ಉತ್ತರದ ಕೈಗಾರಿಕೆ ಬೆಳೆಯಿತು. ಕರಡು ತೋರಿಸಿದಾಗ ಸರ್ ಓದಿ, ನನ್ನ ಮುಖ ನೋಡಿ, ‘ಯಾವೂರಾಂವ ನೀ?’ ಎಂದರು. ಹೇಳಿದೆ. ‘ಎರಿ ಹೊಲ ಏನು?’ ಹೌದ್ರೀ ಅಂದೆ. ‘ಹತ್ತಿ ಹಾಕ್ತೀರೋ ಇಲ್ಲೋ?’ ಹಾಕ್ತೀವ್ರೀ ಅಂದೆ. ‘ಹಂಗಾರ ಗ್ಯಾಝೆಟಿಯರ್ ನೋಡ್ಕೊಂಡು ಬಾ’ ಎಂದು ಕಾಗದ ವಾಪಸು ಕೊಟ್ಟರು. ಅಷ್ಟೇ. ಯಾವ ಗ್ಯಾಝೆಟಿಯರ್, ಎಷ್ಟನೆಯ ಪುಟ, ಒಂದೂ ಇಲ್ಲ.

ಬಸವನಾಳ ಗ್ರಂಥಾಲಯದಲ್ಲಿ ಮುಂಬಯಿ ಪ್ರಾಂತದ ಗ್ಯಾಝೆಟಿಯರುಗಳು ಸಾಲಾಗಿ ಇದ್ದವು. ಧಾರವಾಡದ್ದು 22ನೆಯ ಸಂಪುಟ, 1884ರಲ್ಲಿ ಅಚ್ಚಾದದ್ದು. ಕೆನರಾ ಜಿಲ್ಲೆಯದು 15ನೆಯದು, ಅದಕ್ಕಿಂತ ಒಂದು ವರ್ಷ ಮೊದಲಿನದು. ಪುಟ ತಿರುವಿದರೆ ಅಂಚು ಕೈಗೆ ಬರುವ ಕಾಗದ. ಕಲೆಕ್ಟರುಗಳು ತಮ್ಮ ಸೇವಕರಿಂದ ಹಿಡಿದು ಹೊಲದ ಇಲಿಯವರೆಗೆ ಎಲ್ಲವನ್ನೂ ಲೆಕ್ಕ ಹಾಕಿಸಿದ್ದರು. ಅದರಲ್ಲಿ ಹತ್ತಿಯ ಕಥೆ ಬೇಕಾದಷ್ಟಿತ್ತು.

ಕಥೆ ಯುದ್ಧಕ್ಕಿಂತ ಹಿಂದಿನಿಂದ ಶುರುವಾಗುತ್ತದೆ. ಲ್ಯಾಂಕಷೈರಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಬರುತ್ತಿತ್ತು. ಒಂದೇ ಕಡೆಗೆ ಹೀಗೆ ಕೈಚಾಚುವುದು ಅಪಾಯವೆಂದು ಮ್ಯಾಂಚೆಸ್ಟರಿನವರಿಗೆ ಮೊದಲೇ ಹೊಳೆದಿತ್ತು. ಅವರ ಒತ್ತಾಯಕ್ಕೆ ಮಣಿದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಹಿಂದೂಸ್ತಾನಕ್ಕೆ ಕರೆಸಿತು. ಗುಜರಾತ್, ಗಂಗಾ-ಯಮುನೆಯ ನಡುನಾಡು, ಕೊಯಮತ್ತೂರು ಎಂದು ಅವರು ಹೋದ ಬಹಳ ಕಡೆ ಬೆಳೆ ಕೈಕೊಟ್ಟಿತು. ಹಿಡಿದುಕೊಂಡದ್ದು ಧಾರವಾಡ ಸೀಮೆಯ ಮಣ್ಣಿನಲ್ಲಿ. ನ್ಯೂ ಆರ್ಲಿಯನ್ಸ್ ಬೀಜದ ಈ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ‘ಧಾರವಾರ್-ಅಮೆರಿಕನ್’ ಎಂದು ಹೆಸರಾಯಿತು. ನಮ್ಮ ಜವಾರಿ ಹತ್ತಿಗೆ ಅದೇ ಪೇಟೆಯಲ್ಲಿ ‘ಕೂಂಪ್ಟಾ’ ಎಂಬ ಹೆಸರು. ಬೆಳೆದದ್ದು ಗದಗ, ಹುಬ್ಬಳ್ಳಿ ಕಡೆ, ಹಡಗು ಹತ್ತಿದ್ದು ಕುಮಟೆಯಲ್ಲಿ. ಬೆಳೆದವನ ಹೆಸರಿಗಿಂತ ಹಡಗು ಹತ್ತಿಸಿದ ಊರಿನ ಹೆಸರೇ ಸರಕಿಗೆ ಅಂಟುವುದು ವ್ಯಾಪಾರದ ಹಳೆಯ ರೂಢಿ.

ಎರಡಕ್ಕೂ ಬೀಜ ಬಿಡಿಸುವ ರೀತಿ ಬೇರೆ. ಜವಾರಿ ಹತ್ತಿಯನ್ನು ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ಅಮೆರಿಕದ ಹತ್ತಿಯ ಬೀಜ ಎಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವಂಥದು, ಕಾಲಿಗೆ ಜಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕು. ಹೀಗೆ ಬೀಜದ ಬೆನ್ನಿಗೆ ಯಂತ್ರ ಬಂತು, ಯಂತ್ರದ ಬೆನ್ನಿಗೆ ಅದನ್ನು ರಿಪೇರಿ ಮಾಡುವ ಕಮ್ಮಾರ, ಬಡಿಗರು ಬಂದರು. ಗದಗ-ಹುಬ್ಬಳ್ಳಿಯ ಜಿನ್ನಿನ ಸದ್ದು ಕೇಳುತ್ತ ಬೆಳೆದ ನನಗೆ ಅದರ ಬೇರು ಮಿಸಿಸಿಪ್ಪಿ ನದಿಯ ದಂಡೆಯವರೆಗೆ ಹೋಗುತ್ತದೆ ಎಂದು ಗೊತ್ತಾದದ್ದು ಆ ಹರಕು ಪುಟಗಳಲ್ಲಿ.

1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ. ಲ್ಯಾಂಕಷೈರಿನ ಗಿರಣಿಗಳು ನಿಂತವು, ಲಕ್ಷಾಂತರ ಕೂಲಿಕಾರರು ಗಂಜಿ ಕೇಂದ್ರಕ್ಕೆ ಬಂದರು. ಮುಂಬಯಿಯಲ್ಲಿ ಹತ್ತಿಯ ದರ ಏರಿತು, ಮತ್ತೆ ಏರಿತು, ದುಪ್ಪಟ್ಟು ದಾಟಿ ಇನ್ನೂ ಮೇಲೆ ಹೋಯಿತು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದನ ಹೆಸರು ಕೇಳದ ಮನೆ ಮುಂಬಯಿಯಲ್ಲಿ ಇರಲಿಲ್ಲ. ಸಮುದ್ರ ಹೂಳಿ ನೆಲ ಮಾಡುತ್ತೇವೆಂದು ಕಂಪನಿಗಳು ಹುಟ್ಟಿ, ಅವುಗಳ ಷೇರಿಗೆ ಜನ ಬಿದ್ದು ಸತ್ತರು. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ಅದೇ ಪ್ರೇಮಚಂದ್ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ನಾವು ಪಠ್ಯದಲ್ಲಿ ಓದುತ್ತಿದ್ದ ಗೆಟಿಸ್‌ಬರ್ಗ್ ಕಾಳಗಕ್ಕೂ ಆ ಗಡಿಯಾರದ ಗಂಟೆಗೂ ನಡುವೆ ಒಂದು ದಾರ ಇದೆ. ಆ ದಾರ ನಮ್ಮೂರಿನ ಹೊಲದಿಂದ ಬಂದದ್ದು.

ಇಲ್ಲಿ ನನ್ನ ತಲೆ ಸ್ವಲ್ಪ ತಿರುಗಿತೆಂದೇ ಹೇಳಬೇಕು. ಇಪ್ಪತ್ತೊಂದು ವರ್ಷದ ಹುಡುಗನಿಗೆ ತನ್ನ ಅಜ್ಜನ ಅಪ್ಪ ಲಿಂಕನ್ನನ ಲೆಕ್ಕದಲ್ಲಿ ಬರುತ್ತಾನೆ ಎಂದರೆ ಇನ್ನೇನು ಬೇಕು? ರಾತ್ರಿ ಹಾಸ್ಟೆಲಿನಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದೆ. ಅಂಕೋಲೆಯ ಗೆಳೆಯ ಮಾತ್ರ ಮಂಚದ ಮೇಲೆ ಮಲಗಿಕೊಂಡೇ, ‘ನಿಮ್ಮ ಹತ್ತಿ ಸಲುವಾಗಿಯೇ ನಮ್ಮ ಜಿಲ್ಲೆಯನ್ನ ಮದ್ರಾಸಿಂದ ಕಿತ್ತು ಮುಂಬಯಿಗೆ ಹಚ್ಚಿದ್ದು ಮಾರಾಯಾ, ಅದನ್ನೂ ಓದು’ ಎಂದ. ಓದಿದೆ. ಅವನು ಹೇಳಿದ್ದು ಖರೆ. ಕುಮಟೆಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಹತ್ತಿ ಅಲ್ಲಿಂದ ಸಣ್ಣ ಹಡಗುಗಳಲ್ಲಿ ಮುಂಬಯಿಗೆ ಹೋಗಿ ಮತ್ತೆ ಹೇರಬೇಕು. ಕಾರವಾರದ ಕೊಲ್ಲಿ ಆಳವಾದದ್ದು. ಧಾರವಾಡದಿಂದ ಕಾರವಾರಕ್ಕೆ ನೇರ ರಸ್ತೆಯಾಗಬೇಕು ಎಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಹತ್ತಿ ಬೆಳೆಯುವ ಜಿಲ್ಲೆ ಮುಂಬಯಿ ಸರಕಾರದ ಕೈಯಲ್ಲಿ, ಬಂದರು ಮದ್ರಾಸ್ ಸರಕಾರದ ಕೈಯಲ್ಲಿ. ಎರಡು ಸರಕಾರಗಳ ನಡುವೆ ರಸ್ತೆ ಕುಂಟುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿಯೇ ಬಿಟ್ಟರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದು ಕನ್ನಡ ಜಿಲ್ಲೆ ಹೀಗೆ ಎರಡು ಪ್ರಾಂತಗಳಲ್ಲಿ ಹರಿದು ಹಂಚಿಹೋಗಿ, ಮತ್ತೆ ಒಂದೇ ರಾಜ್ಯಕ್ಕೆ ಬರಲು 1956 ಆಗಬೇಕಾಯಿತು. ಏಕೀಕರಣದ ಭಾಷಣಗಳಲ್ಲಿ ಮ್ಯಾಂಚೆಸ್ಟರಿನ ಹೆಸರು ನಾನಂತೂ ಕೇಳಿಲ್ಲ.

ಆ ವರ್ಷ ರಜೆಯಲ್ಲಿ ಅದೇ ಗೆಳೆಯನ ಜೊತೆ ಕುಮಟೆಗೆ ಹೋದೆ. ಹುಬ್ಬಳ್ಳಿಯಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ. ಬಸ್ಸು ತಿರುವು ತಿರುವಿಗೂ ನರಳುತ್ತ ಇಳಿಯುವಾಗ ಹತ್ತಿ ಅಂಡಿಗೆ ಹೇರಿದ ಚಕ್ಕಡಿಗಳನ್ನು ಅಲ್ಲಿ ನಿಲ್ಲಿಸಿ ನೋಡಲು ಪ್ರಯತ್ನಪಟ್ಟೆ. ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಮಳೆಗಾಲ ಹಿಡಿದರೆ ಕರಾವಳಿಯ ಬಂದರು ಬಂದ್. ಅಂದರೆ ಬಿಡಿಸಿ, ಬೀಜ ತೆಗೆದು, ಮಾರಿ, ಹೇರಿ, ಘಟ್ಟ ಇಳಿಸಿ ಹಡಗಿಗೆ ಮುಟ್ಟಿಸಲು ಇರುವುದು ಎರಡು ಮೂರು ತಿಂಗಳು. ಮೇ ತಿಂಗಳಲ್ಲಿ ಆ ದಾರಿಯಲ್ಲಿ ಎಷ್ಟು ಗಾಡಿ, ಎಷ್ಟು ಎತ್ತು, ಎಷ್ಟು ಧೂಳು ಇದ್ದಿರಬೇಡ! ಕುಮಟೆಯ ಪೇಟೆಯಲ್ಲಿ ಹತ್ತಿಯ ಬಗ್ಗೆ ಕೇಳಿದರೆ ಜನ ನಕ್ಕರು. ಒಬ್ಬ ವಯಸ್ಸಾದ ಅಂಗಡಿಕಾರರು, ‘ಘಟ್ಟದ ಮೇಲಿನ ಗಾಡಿ ಬರುತ್ತಿದ್ದದ್ದು ಉಪ್ಪಿಗೆ, ಹತ್ತಿಗಲ್ಲ’ ಎಂದರು. ಸಾಣಿಕಟ್ಟೆಯ ಉಪ್ಪು, ಜೊತೆಗೆ ತೆಂಗಿನಕಾಯಿ. ನಮ್ಮ ಮನೆಯಲ್ಲೂ ಅಜ್ಜ ಹೇಳುತ್ತಿದ್ದದ್ದು ಅದೇ: ಹಿಂದಿನವರು ಕುಮಟೆಗೆ ಗಾಡಿ ಹೊಡೆದುಕೊಂಡು ಹೋಗಿ ಉಪ್ಪು ತರುತ್ತಿದ್ದರು. ಹೋಗುವಾಗ ಗಾಡಿಯಲ್ಲಿ ಏನಿತ್ತು ಎಂದು ಅಜ್ಜನೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮನೆಗೆ ಬಂದದ್ದು ನೆನಪಿನಲ್ಲಿ ಉಳಿಯುತ್ತದೆ, ಮನೆಯಿಂದ ಹೋದದ್ದು ಕಂಪನಿಯ ಲೆಕ್ಕದಲ್ಲಿ.

ಸೆಮಿನಾರಿನಲ್ಲಿ ನಾನು ಇದನ್ನೆಲ್ಲ ಓದಿದೆ. ಯುದ್ಧಕಾಲದ ಸಿರಿಯ ಬಗ್ಗೆ ಹೇಳುವಾಗ, ಹತ್ತಿ ಸೀಮೆಯ ರೈತರು ಗಾಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಬಡಿಸಿದ್ದರು ಎಂಬ ಮಾತನ್ನೂ ಸೇರಿಸಿದ್ದೆ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಈ ಕಥೆ ಅಲ್ಲಲ್ಲಿ ಸಿಗುತ್ತದೆ, ಬೇರೆ ಬೇರೆ ಸೀಮೆಗಳ ಹೆಸರಿನಲ್ಲಿ. ಸರ್ ಅಲ್ಲಿಗೆ ತಡೆದರು. ‘ಬೆಳ್ಳಿ ಎಷ್ಟು ಮೆತ್ತಗ ಇರತೈತಿ ಗೊತ್ತೇನು? ಮೊದಲನೇ ಹಳ್ಳ ದಾಟೂದ್ರಾಗ ಪಟ್ಟಿ ಸವದು ಹೋಗತೈತಿ. ಇದನ್ನ ಬರದಾಂವ ಗಾಡಿ ಹೊಡದಾಂವ ಅಲ್ಲ.’ ತರಗತಿ ನಕ್ಕಿತು. ಆಮೇಲೆ ಅವರು ಕೇಳಿದ್ದು ಮುಖ್ಯ: ಈ ಕಥೆ ಯಾರಿಗೆ ಬೇಕಾಗಿತ್ತು? ರೈತನ ಹತ್ತಿರ ದುಡ್ಡು ಹೆಚ್ಚಾಗಿದೆ, ಆದ್ದರಿಂದ ಕಂದಾಯ ಏರಿಸಬಹುದು ಎನ್ನುವವರಿಗೆ ಬೇಕಾಗಿತ್ತು. ದುಡ್ಡು ಬಂದದ್ದು ಸುಳ್ಳಲ್ಲ, ಕೂಲಿ ಏರಿತ್ತು, ಹೊಲದ ಬೆಲೆ ಏರಿತ್ತು, ಸಾಲ ಕೊಡುವವರು ತಾವಾಗಿ ಮನೆ ಬಾಗಿಲಿಗೆ ಬರುತ್ತಿದ್ದರು. ಆ ಸಾಲದ ಕಾಗದ ಯುದ್ಧ ಮುಗಿದ ಮೇಲೂ ಉಳಿಯಿತು. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಸುಟ್ಟದ್ದು ಇಂಥವೇ ಕಾಗದಗಳನ್ನು.

ಅದೇ ತಾಸಿನಲ್ಲಿ ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಹೆಮ್ಮೆಗೆ ಕತ್ತರಿ ಹಾಕಿತು. ನಮ್ಮ ಹತ್ತಿಯನ್ನು ಲ್ಯಾಂಕಷೈರಿನವರು ಎಷ್ಟು ಪ್ರೀತಿಯಿಂದ ಕೊಂಡರು ಎಂದು ನಾನು ಬರೆದುಕೊಂಡು ಹೋಗಿದ್ದೆನಲ್ಲ, ವಾಸ್ತವದಲ್ಲಿ ಅವರು ಅದನ್ನು ಶಪಿಸುತ್ತಿದ್ದರು. ಹಿಂದೂಸ್ತಾನದಿಂದ ಹೋದ ಹತ್ತಿಯನ್ನೆಲ್ಲ ಅಲ್ಲಿ ‘ಸೂರತ್’ ಎನ್ನುತ್ತಿದ್ದರು. ಎಳೆ ಗಿಡ್ಡ, ಮಗ್ಗದ ಮೇಲೆ ಹರಿಯುವುದು ಜಾಸ್ತಿ, ನೇಕಾರರಿಗೆ ಕೂಲಿ ಹುಟ್ಟುವುದಿಲ್ಲ. ಚರ್ಚಿನಲ್ಲಿ ಹತ್ತಿ ಕೊಡು ದೇವರೇ ಎಂದು ಪಾದ್ರಿ ಬೇಡಿದರೆ, ಸೂರತ್ ಮಾತ್ರ ಬೇಡ ಎಂದು ಹಿಂದಿನಿಂದ ಯಾರೋ ಕೂಗಿದ ಕಥೆ ಅಲ್ಲಿ ಇಂದಿಗೂ ಹೇಳುತ್ತಾರಂತೆ. ಇತ್ತ ನಮ್ಮವರ ಕೈಚಳಕವೂ ಕಡಿಮೆ ಇರಲಿಲ್ಲ. ದರ ಏರಿದಂತೆ ಅಂಡಿಗೆಯಲ್ಲಿ ಬೀಜ, ಮಣ್ಣು, ನೀರು ಸೇರಿದವು. ಜವಾರಿಯನ್ನೂ ಅಮೆರಿಕನ್ನನ್ನೂ ಕಲಸಿ ಮಾರಿದರು. ಅದನ್ನು ತಡೆಯಲೆಂದೇ ಮುಂಬಯಿ ಸರಕಾರ 1863ರಲ್ಲಿ ಹತ್ತಿ ಮೋಸದ ಕಾಯಿದೆ ಮಾಡಿತು. ಯುದ್ಧ ಮುಗಿದ ಮೇಲೆ ಲ್ಯಾಂಕಷೈರ್ ಮತ್ತೆ ಅಮೆರಿಕದ ಕಡೆಗೇ ವಾಲಿತು.

ಈ ಸೆಮಿನಾರಿಗಿಂತ ಮೊದಲು ಆದದ್ದೊಂದನ್ನು ಇಲ್ಲಿ ಹೇಳಬೇಕು. 1980ರ ಜುಲೈ 21. ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ರೈತರು ಬೀದಿಗೆ ಬಂದರು. ಹೊಲಕ್ಕೆ ನೀರು ನೆಟ್ಟಗೆ ಬರದಿದ್ದರೂ ಸರಕಾರ ಅಭಿವೃದ್ಧಿ ಕರ ಕೇಳುತ್ತಿತ್ತು. ಧಾರವಾಡದಲ್ಲೇ ತಯಾರಾದ ವರಲಕ್ಷ್ಮಿ ಹತ್ತಿಯನ್ನು ನಂಬಿ ಬೆಳೆದವರಿಗೆ ದರ ಕುಸಿದು ಹೊಡೆತ ಬಿದ್ದಿತ್ತು. ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಧಾರವಾಡಕ್ಕೆ ಸುದ್ದಿ ಮುಟ್ಟಿದಾಗ ನಮ್ಮ ತರಗತಿಯಲ್ಲಿ ನಡೆಯುತ್ತಿದ್ದದ್ದು ಫ್ರೆಂಚ್ ಕ್ರಾಂತಿ. ಇದನ್ನು ಕಾಕತಾಳೀಯ ಎನ್ನುವುದಕ್ಕಿಂತ, ಆ ಪತ್ರಿಕೆ ಪ್ರತಿ ವರ್ಷವೂ ಅಲ್ಲಿಂದಲೇ ಶುರುವಾಗುತ್ತಿತ್ತು ಎನ್ನುವುದು ಸರಿ.

ಎರಡು ದಿನ ಬಿಟ್ಟು ತರಗತಿ ಸೇರಿದಾಗ ಒಬ್ಬ ಗೆಳೆಯ ಎದ್ದು ನಿಂತು, ‘ಸರ್, 1789ಕ್ಕ ಇದನ್ನ ಹೋಲಿಸಬಹುದೇನ್ರೀ?’ ಎಂದ. ಸರ್ ಉತ್ತರ ಕೊಡಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು, ಗ್ಯಾಬೆಲ್ ಅಂದರೆ ಏನು ಎಂದು ಕೇಳಿದರು. ಉಪ್ಪಿನ ತೆರಿಗೆ ಎಂದು ಹತ್ತು ದನಿಗಳು. ಟೈದ್? ಚರ್ಚಿಗೆ ಕೊಡುವ ದಶಾಂಶ. ತೈ? ನೆಲದ ಮೇಲಿನ ತೆರಿಗೆ, ಸರದಾರರಿಗೆ ಮಾಫಿ. ಎಲ್ಲ ಬರೆದುಕೊಂಡರು. ‘ಈಗ ನಿಮ್ಮ ನಿಮ್ಮ ಮನ್ಯಾಗ ಹ್ವಾದ ವರ್ಷ ಕಂದಾಯ ಎಷ್ಟು ಕಟ್ಟ್ಯಾರ, ನೀರಿನ ಕರ ಎಷ್ಟು, ಸೊಸಾಯಟಿ ಸಾಲ ಎಷ್ಟು, ಒಬ್ಬೊಬ್ಬರ ಹೇಳ್ರಿ’ ಎಂದರು. ತರಗತಿ ತೆಪ್ಪಗಾಯಿತು. ಹಿಂದಿನ ಬೆಂಚಿನಲ್ಲಿ ನವಲಗುಂದ ತಾಲ್ಲೂಕಿನ ಒಬ್ಬನಿದ್ದ, ಎಂದೂ ಬಾಯಿ ಬಿಡದವನು. ಅವನು ಎದ್ದು ಎಕರೆಗೆ ಎಷ್ಟು, ತಮ್ಮದು ಎಷ್ಟು ಎಕರೆ, ಎಷ್ಟು ಬಾಕಿ, ನೋಟೀಸು ಬಂದದ್ದು ಯಾವಾಗ ಎಂದು ಪೈಸೆ ಸಮೇತ ಹೇಳುತ್ತ ಹೋದ. ಸರ್ ಗ್ಯಾಬೆಲ್‌ನ ಪಕ್ಕದಲ್ಲಿ ಅದನ್ನೂ ಬರೆದರು. 1789ರಲ್ಲಿ ಫ್ರಾನ್ಸಿನ ಹಳ್ಳಿಗಳವರು ರಾಜನಿಗೆ ಕಳಿಸಿದ ಅಹವಾಲಿನ ಪಟ್ಟಿಗಳಲ್ಲಿ ಇರುವುದೂ ಇಂಥದೇ ಎಂದು ಹೇಳಿ, ಹೋಲಿಕೆಯ ಮಾತನ್ನು ಅಲ್ಲಿಗೇ ಬಿಟ್ಟರು. ಹೋಲಿಕೆ ಮಾಡಿದ್ದರೆ ತಾಸು ರಂಗೇರುತ್ತಿತ್ತು. ಮಾಡದೆ ಬಿಟ್ಟದ್ದಕ್ಕೆ ನಾನು ಅವರನ್ನು ಈಗಲೂ ಮೆಚ್ಚುತ್ತೇನೆ.

ಸೆಮಿನಾರ್ ಮುಗಿದ ಮೇಲೂ ನನ್ನನ್ನು ಬಿಡದೆ ಕಾಡಿದ್ದು ಕೈಗಳ ಲೆಕ್ಕ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರಲ್ಲಿ ದೊಡ್ಡ ಪಾಲಿನವರ ಕೆಲಸ ಹತ್ತಿಯದೇ. ಸಂಜೆ ಒಬ್ಬೊಬ್ಬರದನ್ನೂ ತೂಗಿ, ಕಡಿಮೆ ಬಂದವರಿಗೆ ಚಾಟಿ. ಇದು ಪುಸ್ತಕದಲ್ಲಿ ಓದಿದ್ದು. ನಾನು ಕಣ್ಣಾರೆ ಕಂಡದ್ದು ನಮ್ಮವ್ವನನ್ನು. ಸೀರೆಯ ಸೆರಗನ್ನು ಉಡಿ ಕಟ್ಟಿಕೊಂಡು ಸಾಲು ಹಿಡಿದು ಹೋಗುವಳು. ಒಣಗಿದ ಕಾಯಿಯ ತುದಿ ಸೂಜಿಯ ಹಾಗೆ ಇರುತ್ತದೆ, ತೊಳೆಯನ್ನು ಮೂರು ಬೆರಳಿನಲ್ಲಿ ಹಿಡಿದು ತಿರುವಿ ಎಳೆಯಬೇಕು, ಕಸ ಬರಬಾರದು. ಉಗುರಿನ ಸುತ್ತ ಚರ್ಮ ಎದ್ದು, ರಾತ್ರಿ ರೊಟ್ಟಿ ಬಡಿಯುವಾಗ ಹಿಟ್ಟು ಹತ್ತಿ ಉರಿಯುತ್ತಿತ್ತು. ಕೂಲಿಗೆ ಬಂದ ಹೆಣ್ಣುಮಕ್ಕಳಿಗೆ ಬಿಡಿಸಿದ್ದರಲ್ಲಿ ಒಂದು ಪಾಲು. ಹೊಲದ ಬದುವಿನ ಮೇಲೆ ಗುಂಪಿ ಹಾಕಿ ಪಾಲು ಮಾಡುವಾಗ ಆಗುವ ವಾದ ಇಡೀ ಊರಿಗೆ ಕೇಳಿಸುತ್ತಿತ್ತು. ಅವ್ವನ ಕೈಯನ್ನೂ ಮಿಸಿಸಿಪ್ಪಿಯ ಗುಲಾಮಳ ಕೈಯನ್ನೂ ಒಂದೇ ಎನ್ನುವ ಮಾತು ಭಾಷಣಕ್ಕೆ ಚೆಂದ, ಆದರೆ ಸುಳ್ಳು. ವಾದ ಮಾಡುವ ಹಕ್ಕು ಇದ್ದವಳು ಬೇರೆ, ಇಲ್ಲದವಳು ಬೇರೆ. ಆದರೆ ಅವ್ವನ ಹಿಂದಿನವರು ಬಿಡಿಸಿದ ಹತ್ತಿಯೂ ಆ ಗುಲಾಮಳು ಬಿಡಿಸಿದ ಹತ್ತಿಯೂ ಹೋಗಿ ಬೀಳುತ್ತಿದ್ದದ್ದು ಒಂದೇ ಲಿವರ್‌ಪೂಲಿನ ಧಕ್ಕೆಯ ಮೇಲೆ, ಅಲ್ಲಿ ಎರಡಕ್ಕೂ ಒಂದೇ ಹಲಗೆಯ ಮೇಲೆ ದರ ಬರೆಯುತ್ತಿದ್ದರು. ಎರಿಕ್ ವಿಲಿಯಮ್ಸ್ 1944ರಷ್ಟು ಹಿಂದೆಯೇ ಗುಲಾಮಗಿರಿಗೂ ಬಂಡವಾಳಕ್ಕೂ ಇರುವ ನಂಟಿನ ಬಗ್ಗೆ ಪುಸ್ತಕ ಬರೆದಿದ್ದ. ಹಾಬ್ಸ್‌ಬಾಮ್‌ನ ‘ಏಜ್ ಆಫ್ ಕ್ಯಾಪಿಟಲ್’ ಬಂದು ಆಗ ನಾಲ್ಕೈದು ವರ್ಷ. ಎರಡನ್ನೂ ಓದಿದ ಮೇಲೆ ಬಿಸ್ಮಾರ್ಕನ ತಂತಿ ನನಗೆ ಮೊದಲಿನಷ್ಟು ರುಚಿಸಲಿಲ್ಲ. (2014ರಲ್ಲಿ ಸ್ವೆನ್ ಬೆಕರ್ಟ್ ಹತ್ತಿಯ ಮೇಲೆಯೇ ಜಗತ್ತಿನ ಇತಿಹಾಸ ಬರೆದ. ನಿವೃತ್ತಿಯ ಹೊಸ್ತಿಲಲ್ಲಿ ಅದನ್ನು ಓದಿದೆ. ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು.)

ಹತ್ತಿಯ ಕಥೆಯ ಕೊನೆಯ ಪುಟ ಸೆಮಿನಾರಿನಲ್ಲಿ ಬರಲಿಲ್ಲ, ನಾನೇ ಆಮೇಲೆ ಸೇರಿಸಿಕೊಂಡದ್ದು. 1876ರಲ್ಲಿ ಮಳೆ ಹೋಯಿತು. ಹತ್ತಿ ಹಬ್ಬಿದ ಎರಿ ಭೂಮಿಯಲ್ಲಿ ಹಗೇವು ತುಂಬುವಷ್ಟು ಜೋಳ ಇರಲಿಲ್ಲ. 1872ರ ಜನಗಣತಿಗೂ 1881ರದಕ್ಕೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಕಡಿಮೆಯಾಯಿತು. ಹತ್ತರಲ್ಲಿ ಒಬ್ಬರು. ಅದೇ ವರ್ಷಗಳಲ್ಲಿ ಚೀನಾದ ಉತ್ತರ ಭಾಗದಲ್ಲಿ, ಬ್ರೆಜಿಲ್ಲಿನ ಈಶಾನ್ಯದಲ್ಲಿ ಜನ ಹೀಗೆಯೇ ಬರದಲ್ಲಿ ಸತ್ತರು. ಮೂರು ದೇಶಗಳ ಬರಕ್ಕೂ ಶಾಂತ ಮಹಾಸಾಗರದ ನೀರು ಬಿಸಿಯಾಗುವುದಕ್ಕೂ ಸಂಬಂಧ ಇದೆ ಎನ್ನುವುದನ್ನು ವಿಜ್ಞಾನಿಗಳು ಆಮೇಲೆ ಹೇಳಿದರು. ನಮ್ಮ ಪತ್ರಿಕೆಯಲ್ಲಿ 1876–78 ಅಂದರೆ ಬಾಲ್ಕನ್ ಪ್ರಶ್ನೆ, ರಷ್ಯ-ತುರ್ಕಿ ಯುದ್ಧ.

ಇಷ್ಟೆಲ್ಲ ಓದಿ ಊರಿಗೆ ಹೋದಾಗ ಅಪ್ಪನಿಗೆ ಹೇಳಬೇಕೆಂಬ ಚಪಲ. ಅಪ್ಪ ನಾಲ್ಕನೆಯ ಇಯತ್ತೆಯವರೆಗೆ ಓದಿದವನು, ಮಾತು ಖಡಕ್. ಹಗ್ಗ ಹೊಸೆಯುತ್ತ ಕೇಳಿಸಿಕೊಂಡ. ಅಮೆರಿಕದಲ್ಲಿ ಅಣ್ಣತಮ್ಮಂದಿರು ಬಡಿದಾಡಿದರೆ ಗದಗಿನಲ್ಲಿ ಹತ್ತಿ ಏರುವುದು ಅವನಿಗೆ ಆಶ್ಚರ್ಯ ಅನ್ನಿಸಲೇ ಇಲ್ಲ. ಪೇಟೆ ಕಂಡವನಿಗೆ ಅದು ದಿನದ ಮಾತು. 1865ಕ್ಕೆ ಬಂದು, ಯುದ್ಧ ನಿಂತಿತು, ದರ ಬಿತ್ತು, ಮುಂಬಯಿಯ ದೊಡ್ಡ ದೊಡ್ಡವರು ಮುಳುಗಿದರು ಎಂದಾಗ ಹಗ್ಗ ನಿಲ್ಲಿಸಿ ಕೇಳಿದ: ‘ಲಡಾಯಿ ನಿಂತದ್ದು ಮೊದಲ ಯಾರಿಗೆ ಗೊತ್ತಾತು? ದಲಾಲರಿಗೋ, ನಮ್ಮಂಥಾವ್ರಿಗೋ?’

ನಾನು ಓದಿದ ಯಾವ ಪುಸ್ತಕವೂ ಇದನ್ನು ಕೇಳಿರಲಿಲ್ಲ. ವಾಪಸು ಬಂದು ಹುಡುಕಿದೆ. ದಕ್ಷಿಣದವರ ಜನರಲ್ ಲೀ ಶರಣಾದದ್ದು ಏಪ್ರಿಲ್ 9ಕ್ಕೆ. ಅಟ್ಲಾಂಟಿಕ್ ಸಮುದ್ರದಡಿಯ ತಂತಿ 1858ರಲ್ಲಿ ಹಾಕಿದ್ದು ಕೆಲವೇ ವಾರಗಳಲ್ಲಿ ಕೆಟ್ಟಿತ್ತು, ಮತ್ತೆ ಸರಿಯಾದದ್ದು 1866ಕ್ಕೆ. ಹಾಗಾಗಿ ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ಸುಮಾರು ಎರಡು ವಾರ. ಆದರೆ ಲಂಡನ್ನಿನಿಂದ ಇತ್ತ ಬರಲು ಪರ್ಷಿಯನ್ ಕೊಲ್ಲಿಯಲ್ಲಿ 1864ರಲ್ಲಿ ಹಾಕಿದ ಹೊಸ ತಂತಿ ಇತ್ತು. ಮೊದಲು ಹಡಗಿನಲ್ಲಿ ಒಂದು ತಿಂಗಳು ಹಿಡಿಯುತ್ತಿದ್ದ ಮಾತು ಈಗ ಕೆಲವು ದಿನಗಳಲ್ಲಿ ಮುಂಬಯಿಗೆ. ದುಡ್ಡು ಕೊಟ್ಟು ತಂತಿ ಕಳಿಸುವವರಿಗೆ, ತರಿಸಿಕೊಳ್ಳುವವರಿಗೆ ಮಾತ್ರ. ಹತ್ತಿಯ ದರ ವರ್ಷದ ಆರಂಭದಿಂದಲೇ ಇಳಿಯುತ್ತಿತ್ತು, ವಾಯಿದೆಯ ವ್ಯವಹಾರಗಳೆಲ್ಲ ಚುಕ್ತಾ ಆಗಬೇಕಿದ್ದ ಜುಲೈ 1 ಬರುವಷ್ಟರಲ್ಲಿ ಮುಂಬಯಿ ದಿವಾಳಿ ಎದ್ದಿತ್ತು. ಸುದ್ದಿ ತಂತಿಯಲ್ಲಿ ಓಡುತ್ತಿದ್ದ ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮವರ ಹತ್ತಿ ಎಲ್ಲಿತ್ತು? ದೇವಿಮನೆ ಘಟ್ಟದ ದಾರಿಯಲ್ಲಿ, ಎತ್ತಿನ ಕಾಲಿನ ವೇಗದಲ್ಲಿ.

ಮುಂದೆ ನಾನು ಪದವಿ ಕಾಲೇಜೊಂದರಲ್ಲಿ ಮೇಷ್ಟ್ರಾದೆ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿರುವುದಿಲ್ಲ, ಕಿರುಪರೀಕ್ಷೆ ಮಾತ್ರ ನಮ್ಮದು. ಅದರಲ್ಲಿ ಒಂದು ವರ್ಷ ಅಪ್ಪನ ಪ್ರಶ್ನೆಯನ್ನೇ ಕೇಳಿದೆ: 1865ರಲ್ಲಿ ಅಮೆರಿಕದ ಯುದ್ಧ ಮುಗಿದ ಸುದ್ದಿ ಧಾರವಾಡ ಸೀಮೆಯಲ್ಲಿ ಯಾರಿಗೆ ಮೊದಲು ತಿಳಿದಿರಬಹುದು? ಕಾರಣ ಕೊಡಿ. ಹತ್ತು ಅಂಕ. ಹೆಚ್ಚಿನವರು ಲಿಂಕನ್ನನ ಜೀವನಚರಿತ್ರೆ ಬರೆದಿದ್ದರು. ಹತ್ತಿಯ ದಲಾಲಿ ಅಂಗಡಿ ಇದ್ದ ಮನೆತನದ ಒಬ್ಬ ಹುಡುಗಿ ಮಾತ್ರ ತನ್ನ ಅಜ್ಜನ ಕಥೆ ಬರೆದಳು. ಇಡೀ ಸಾಲಿನಲ್ಲಿ ಮೊದಲು ಫೋನ್ ಬಂದದ್ದು ಅವರ ಅಂಗಡಿಗೆ. ಮುಂಬಯಿಯಿಂದ ಟ್ರಂಕ್ ಕಾಲ್ ಬರುವವರೆಗೆ ಅಜ್ಜ ಯಾವ ರೈತನಿಗೂ ದರ ಹೇಳುತ್ತಿರಲಿಲ್ಲ. ಚಹಾ ತರಿಸಿ, ಮಿರ್ಚಿ-ಚುರಮುರಿ ತಿನ್ನಿಸಿ, ಮಗಳ ಮದುವೆಯ ಮಾತು ತೆಗೆದು ಕೂಡಿಸುತ್ತಿದ್ದರು. ದರ ಬಿದ್ದಿದ್ದರೆ ಫೋನ್ ಕೆಳಗಿಡುವ ಮೊದಲೇ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಏರಿದ್ದರೆ ಮೊದಲು ಸೌದಾ ಮುಗಿಸಿ ಆಮೇಲೆ ಹೇಳುತ್ತಿದ್ದರು. ಖರೀದಿದಾರರು ನಮ್ಮ ಬೀಗರೇ ಆಗಿದ್ದರು ಎಂದೂ ಬರೆದಿದ್ದಳು. ಆದ್ದರಿಂದ 1865ರಲ್ಲಿಯೂ ಮೊದಲು ಗೊತ್ತಾದದ್ದು ನಮ್ಮಂಥವರಿಗೇ ಎಂದು ಉತ್ತರ ಮುಗಿಸಿದ್ದಳು.

ಹತ್ತಕ್ಕೆ ಒಂಬತ್ತು ಕೊಟ್ಟೆ. ಫೋನ್ ಬಂದ ಇಸವಿ ಬರೆದಿರಲಿಲ್ಲ, ಅದಕ್ಕೆ ಒಂದು ಕಳೆದೆ.